ಟೇಪು ಹಿಡಿದು ಆಪರೇಷನ್ ಅಳೆದ ಟೈಲರ್

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಟೈಲರ್ ಮಾಸ್ಟರು ಅವಳಿಗಿಂತ ಒಂದು ಹೆಜ್ಜೆ ಮುಂದೆ. ಹೊಲಿಗೆ ಸೊಟ್ಟಗೆ ಬೀಳತೊಡಗಿದಾಗ ಮೊದಲು ಸೂಜಿ ಸರಿಯಿಲ್ಲ ಅಂದರು. ಸೂಜಿ ಬದಲಾಯಿತು. ಆಮೇಲೆ ದಾರ ಸರಿಯಿಲ್ಲ ಅಂದರು. ದಾರವೂ ಬದಲಾಯಿತು. ಕನ್ನಡಕದ ಅಂಗಡಿಯವನು ಮೋಸ ಮಾಡಿದ ಅಂತ ಮೂರು ಸಲ ಕನ್ನಡಕ ಬದಲಾಯಿಸಿದರು. ಕೊನೆಗೆ ಇಪ್ಪತ್ತೆರಡು ವರ್ಷ ದುಡಿದ ಹೊಲಿಗೆ ಮೆಷಿನ್ನೇ ಕೆಟ್ಟಿದೆ ಅಂದರು. ರಿಪೇರಿಯವನು ಬಂದ, ಎಣ್ಣೆ ಬಿಟ್ಟ, ನೇರವಾಗಿ ಒಂದು ಗೆರೆ ಹೊಲಿದು ತೋರಿಸಿದ. "ಮೆಷಿನ್ ಗಟ್ಟಿಮುಟ್ಟಾಗಿದೆ ಮಾಸ್ಟ್ರೇ" ಅಂತ ಹೇಳಿ, ಟೀ ಕುಡಿದು ಹೋದ.

ಮಾಸ್ಟರ ಹೆಂಡತಿಗೆ ಅಷ್ಟು ಹೊತ್ತಿಗೇ ತಲೆ ಚಿಟ್ಟು ಹಿಡಿದಿತ್ತು. ಅವರ ಮನೆಯ ಮುಂದಿನ ಕೋಣೆಯೇ ಅಂಗಡಿ. ಬಟ್ಟೆ ಕತ್ತರಿಸುವುದು, ಹೊಲಿಯುವುದು ಮಾಸ್ಟರ ಕೆಲಸ. ಕಾಜಾ, ಗುಂಡಿ, ಇಸ್ತ್ರಿ ಆಕೆಯ ಕೆಲಸ. ಈಗ ಆರು ತಿಂಗಳಿಂದ ಗಂಡನ ಸೂಜಿಗೆ ದಾರ ಪೋಣಿಸಿಕೊಡುವ ಕೆಲಸವೂ ಆಕೆಯ ತಲೆಗೇ ಬಿದ್ದಿತ್ತು. ದಿನಕ್ಕೆ ಹತ್ತು ಸಲ "ಲೇ, ಇದೊಂದು ಪೋಣಿಸಿ ಕೊಡೇ" ಅನ್ನುವ ಕೂಗು. ವಯಸ್ಸಾಯಿತು ಅಂದುಕೊಂಡು ಆಕೆ ಪೋಣಿಸಿ ಕೊಡುತ್ತಿದ್ದಳು.

ಇದರ ನಡುವೆ ಒಂದು ಸಂತೋಷದ ವಿಷಯವೂ ಇತ್ತು. ಎರಡು ತಿಂಗಳಿಂದ ಮಾಸ್ಟರು ತಮ್ಮ ಅಂಗಿಗಳನ್ನು ತಾವೇ ಒಗೆದುಕೊಳ್ಳುತ್ತಿದ್ದರು, ತಾವೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನಿಗೆ ಬುದ್ಧಿ ಬಂತಲ್ಲ ಅಂತ ಆಕೆ ಎದುರುಮನೆಯವಳ ಹತ್ತಿರ ಹೇಳಿಕೊಂಡಿದ್ದೂ ಆಗಿತ್ತು.

ಒಂದು ಬೆಳಿಗ್ಗೆ ಮಾಸ್ಟರು ಸ್ನಾನಕ್ಕೆ ಹೋಗಿದ್ದಾಗ ಆಕೆ ಗಂಡನ ಒಂದು ಅಂಗಿಗೆ ಇಸ್ತ್ರಿ ಹಾಕೋಣ ಅಂತ ಎತ್ತಿಕೊಂಡಳು. ಗುಂಡಿ ಬಿಚ್ಚಲು ಹೋದರೆ ಪಟ್ಟಿ ಬಿಡಲಿಲ್ಲ. ಬೆಳಕಿಗೆ ಹಿಡಿದು ನೋಡಿದಳು. ಗುಂಡಿಗಳೆಲ್ಲ ಕಾಜಾದೊಳಗೇ ಇವೆ, ಆದರೆ ಗುಂಡಿಪಟ್ಟಿಯ ಉದ್ದಕ್ಕೂ ಮೇಲಿನಿಂದ ಮೆಷಿನ್ ಹೊಲಿಗೆ ಬಿದ್ದಿದೆ! ಕತ್ತಿನ ಹತ್ತಿರ ತಲೆ ತೂರುವಷ್ಟು ಜಾಗ ಮಾತ್ರ ಬಿಟ್ಟಿದೆ. ಬೀರು ತೆಗೆದಳು. ಇನ್ನೂ ಐದು ಅಂಗಿ ಇದ್ದವು. ಐದಕ್ಕೂ ಅದೇ ಗತಿ.

ಬೇರೆ ಯಾರಿಗಾದರೂ ಕೈಬೆರಳು ಆಡದಿದ್ದರೆ ಗುಂಡಿ ಹಾಕಲು ಹೆಂಡತಿಯನ್ನೋ ಮಕ್ಕಳನ್ನೋ ಕರೆಯುತ್ತಾರೆ, ಆವತ್ತೇ ಕಾಯಿಲೆ ಬಯಲಾಗುತ್ತದೆ. ಈತ ಟೈಲರ್. ಕಾಯಿಲೆಯನ್ನೇ ಹೊಲಿದು ಮುಚ್ಚಿಟ್ಟಿದ್ದ.

ತಲೆ ಒರೆಸಿಕೊಳ್ಳುತ್ತಾ ಬಂದ ಮಾಸ್ಟರು ಹೆಂಡತಿಯ ಕೈಯಲ್ಲಿ ಅಂಗಿ ನೋಡಿ ನಿಂತಲ್ಲೇ ನಿಂತರು.

"ಏನ್ರೀ ಇದು?"

"ಅದಾ... ಈಗ ಹಂಗೇ ಫ್ಯಾಶನ್ನು."

"ನಿಮ್ಮ ಫ್ಯಾಶನ್ನಿಗೆ ಬೆಂಕಿ ಹಾಕ! ಗುಂಡಿ ಹಾಕೋಕೆ ಆಗಲ್ಲ ಅಂತ ಹೇಳೋಕೆ ಬಾಯಿಗೇನಾಗಿತ್ತು?"

"ನೋವಿಲ್ಲ ಕಣೇ. ಒಂದು ಚೂರೂ ನೋವಿಲ್ಲ. ಬೆರಳು ಸ್ವಲ್ಪ ಜೋಮು ಹಿಡಿದ ಹಾಗೆ, ಅಷ್ಟೇ. ನೋವೇ ಇಲ್ಲ ಅಂದಮೇಲೆ ಕಾಯಿಲೆ ಎಲ್ಲಿಂದ ಬರುತ್ತೆ?"

ಆಕೆಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಮೊದಲು ಬಂದದ್ದರಿಂದ ಅಳು ಹಿಂದೆ ಉಳಿಯಿತು. ಆರು ತಿಂಗಳು ಸೂಜಿ ಪೋಣಿಸಿ ಪೋಣಿಸಿ ಈ ಕಳ್ಳಾಟಕ್ಕೆ ತಾನೂ ಕೈ ಸೇರಿಸಿದೆನಲ್ಲ ಅಂತ ತನ್ನ ಮೇಲೂ ಸಿಟ್ಟು ಬಂತು.

ಅದೇ ಹೊತ್ತಿಗೆ ಆರೋಗ್ಯ ಕೇಂದ್ರದ ನರ್ಸು ತಮ್ಮ ಬಿಳಿ ಸಮವಸ್ತ್ರ ತೆಗೆದುಕೊಂಡು ಹೋಗಲು ಬಂದರು. ಅಂಚಿನ ಹೊಲಿಗೆ ಹಾವು ಹರಿದ ಹಾಗಿತ್ತು. ಅದನ್ನು ನೋಡಿ, ಹೆಂಡತಿಯ ಕೈಯಲ್ಲಿದ್ದ ಅಂಗಿ ನೋಡಿ, ಅವರು ಸಮವಸ್ತ್ರದ ವಿಷಯವನ್ನೇ ಬಿಟ್ಟರು.

"ಮಾಸ್ಟ್ರೇ, ಕೈ ಮುಂದೆ ಚಾಚಿ. ಮುಷ್ಟಿ ಹಿಡೀರಿ, ಬಿಡಿ, ಹಿಡೀರಿ, ಬಿಡಿ. ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ. ನಾನು ಹತ್ತು ಸೆಕೆಂಡ್ ನೋಡ್ತೀನಿ."

ಮಾಸ್ಟರು ಶುರು ಮಾಡಿದರು. ಬೆರಳುಗಳು ಮಡಚುವುದೇನೋ ಮಡಚಿದವು, ಬಿಚ್ಚಿಕೊಳ್ಳಲು ಮಾತ್ರ ಒಲ್ಲೆ ಅನ್ನುತ್ತಿದ್ದವು. ಹನ್ನೊಂದು ಸಲ ಆಗುವಷ್ಟರಲ್ಲಿ ಹತ್ತು ಸೆಕೆಂಡ್ ಮುಗಿಯಿತು.

"ಇಪ್ಪತ್ತಾದರೂ ಆಗಬೇಕಿತ್ತು," ಅಂದರು ನರ್ಸು. ಮೇಜಿನ ಮೇಲಿದ್ದ ಬಟ್ಟೆ ಗುರುತಿನ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. "ಇದರ ಮೇಲೆ ನಡೀರಿ. ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಬೇಕು."

ಮೂರನೇ ಹೆಜ್ಜೆಗೆ ಮಾಸ್ಟರು ವಾಲಿ ಇಸ್ತ್ರಿ ಮೇಜು ಹಿಡಿದುಕೊಂಡರು.

"ಕತ್ತು ಬಗ್ಗಿಸಿದಾಗ ಬೆನ್ನಲ್ಲಿ ಕರೆಂಟು ಹೊಡೆದ ಹಾಗೆ ಆಗುತ್ತಾ?"

ಮಾಸ್ಟರು ಹೆಂಡತಿಯ ಮುಖ ನೋಡಿ, ಆಗುತ್ತದೆ ಅಂತ ತಲೆಯಾಡಿಸಿದರು. ಅದನ್ನೂ ಹೇಳಿರಲಿಲ್ಲ.

"ಇದು ಬೆರಳಿನ ಕಾಯಿಲೆ ಇದ್ದ ಹಾಗಿಲ್ಲ ಅಕ್ಕಾ," ಅಂದರು ನರ್ಸು. "ಮೆದುಳಿಂದ ಕೈಕಾಲಿಗೆ ಸುದ್ದಿ ಒಯ್ಯೋದು ಬೆನ್ನುಹುರಿ. ಕತ್ತಿನ ಮೂಳೆಗಳ ನಡುವೆ ಅದೇನಾದರೂ ಒತ್ತಿಹೋದರೆ ಹೀಗೇ ಆಗೋದು. ಎಷ್ಟೋ ಜನಕ್ಕೆ ನೋವೇ ಇರಲ್ಲ. ಅದಕ್ಕೇ ತಡ ಮಾಡಿಬಿಡ್ತಾರೆ. ಸ್ಕ್ಯಾನ್ ಮಾಡಿಸಬೇಕು, ಈ ವಾರವೇ."

ಅಷ್ಟರಲ್ಲಿ ಎದುರಿನ ಸಲೂನಿನಿಂದ ಆಕೆಯ ಅಣ್ಣ ಟವೆಲ್ ಹೆಗಲಿಗೆ ಹಾಕಿಕೊಂಡೇ ಬಂದ. ಗದ್ದಲ ಇದ್ದ ಕಡೆ ಆತ ಇರಲೇಬೇಕು. "ಕತ್ತು ತಾನೆ? ಕೂತ್ಕೊಳ್ಳಿ ಭಾವಾ. ಎಡಕ್ಕೊಂದು, ಬಲಕ್ಕೊಂದು ನೆಟಿಕೆ ತೆಗೆದುಬಿಟ್ರೆ ಎಲ್ಲ ಸಡಿಲ ಆಗುತ್ತೆ."

"ಮುಟ್ಟಿದರೆ ನೋಡಿ!" ಅಂತ ನರ್ಸು ಕೂಗಿದ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. "ಒತ್ತಿಹೋಗಿರೋ ಹುರಿ ಇರೋವಾಗ ಕತ್ತು ಎಳೆದು ತಿರುಗಿಸಿದರೆ ಕೈಕಾಲೇ ನಿಂತುಹೋಗಬಹುದು. ಆಮೇಲೆ ಯಾರು ಜವಾಬ್ದಾರಿ?"

ಅಣ್ಣ ಎತ್ತಿದ ಕೈ ಹಾಗೇ ಇಳಿಸಿದ.

ಸ್ಕ್ಯಾನ್ ಆಯಿತು. ದೊಡ್ಡಾಸ್ಪತ್ರೆಯ ಡಾಕ್ಟರು ಚಿತ್ರ ತೋರಿಸಿದರು. ಕತ್ತಿನಲ್ಲಿ ಮೂರು ಕಡೆ ಹುರಿ ಒತ್ತಿಹೋಗಿತ್ತು. ಮೂಳೆಗಳ ನಡುವಿನ ಮೆತ್ತೆಗಳು ಉಬ್ಬಿ ಮುಂದಿನಿಂದ ಒತ್ತುತ್ತಿದ್ದವು, ಮೂಳೆಗಳನ್ನು ಬಿಗಿದಿಡುವ ಪಟ್ಟಿಯೊಂದು ದಪ್ಪಗಾಗಿ ಹಿಂದಿನಿಂದ ಒತ್ತುತ್ತಿತ್ತು. "ಆಪರೇಷನ್ ಬೇಗ ಆಗಬೇಕು. ಕತ್ತಿನ ಹಿಂದಿನಿಂದ ತೆರೆದು ಒತ್ತಡ ತೆಗೀತೀವಿ," ಅಂದರು.

ಇಂಥ ಮಾತು ಕೇಳಿದ ಮನುಷ್ಯ ಏನು ಕೇಳಬೇಕು? ಕೈ ಸರಿಹೋಗುತ್ತದಾ, ಅಪಾಯ ಏನು, ಎಷ್ಟು ದಿನ ಮಲಗಬೇಕು? ನಮ್ಮ ಮಾಸ್ಟರು ಕೇಳಿದ್ದು ಒಂದೇ. "ಗಾಯ ಎಷ್ಟು ಇಂಚು ಡಾಕ್ಟ್ರೇ?"

"ನಾಲ್ಕು ಇಂಚಿನ ಆಸುಪಾಸು."

ಮಾಸ್ಟರು ಎದ್ದು ನಮಸ್ಕಾರ ಹೇಳಿ ಹೊರಗೆ ಬಂದೇಬಿಟ್ಟರು.

ಇದಕ್ಕೂ ಕಾರಣ ಆಕೆಯ ಅಣ್ಣನೇ. ಮೂರು ವರ್ಷದ ಹಿಂದೆ ಆತನ ಸೊಂಟದಲ್ಲಿ ನರ ಸಿಕ್ಕಿಹಾಕಿಕೊಂಡು, ಸಣ್ಣ ಗಾಯದ ಆಪರೇಷನ್ ಆಗಿತ್ತು. ಮರುದಿನವೇ ನಡೆದುಕೊಂಡು ಮನೆಗೆ ಬಂದಿದ್ದ. ಅಂದಿನಿಂದ ಅಂಗಿ ಎತ್ತಿ ಆ ಗಾಯ ತೋರಿಸದೆ ಆತ ಯಾರಿಗೂ ಕ್ಷೌರ ಮಾಡಿದ್ದಿಲ್ಲ. ಆವತ್ತೂ ಎತ್ತಿದ. ಮಾಸ್ಟರು ಕೊರಳಲ್ಲಿದ್ದ ಟೇಪು ತೆಗೆದು ಅಳೆದರು. ಮುಕ್ಕಾಲು ಇಂಚು.

"ನೋಡಿದ್ಯೇನೇ? ಮುಕ್ಕಾಲು ಇಂಚಲ್ಲಿ ಮುಗಿಯೋ ಕೆಲಸಕ್ಕೆ ಅವರು ನಾಲ್ಕು ಇಂಚು ಸೀಳ್ತಾರಂತೆ. ಕೈ ಪಳಗದವನು ಮಾತ್ರ ದೊಡ್ಡದಾಗಿ ಕತ್ತರಿಸೋದು. ನನಗೆ ಗೊತ್ತಿಲ್ವಾ ಕತ್ತರಿ ಕೆಲಸ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅಲ್ಲಿಂದ ಶುರುವಾಯಿತು ಅಲೆದಾಟ. ಆ ಆಸ್ಪತ್ರೆ, ಈ ಕ್ಲಿನಿಕ್ಕು, ಅವರಿವರ ಫೋನಿನಲ್ಲಿ ಬಂದ ವಿಡಿಯೋ. ಹೋದಲ್ಲೆಲ್ಲ ಸ್ಕ್ಯಾನ್ ತೋರಿಸುವ ಮೊದಲೇ ಮಾಸ್ಟರ ಪ್ರಶ್ನೆ, "ಮುಕ್ಕಾಲು ಇಂಚಲ್ಲಿ ಮಾಡ್ತೀರಾ?" ಹೆಂಡತಿ ಬೇಡಿಕೊಂಡಳು, ಬೈದಳು, ಎರಡು ದಿನ ಮಾತು ಬಿಟ್ಟಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಹೀಗೆ ಐದು ವಾರ ಹೋಯಿತು. ಆ ಐದು ವಾರದಲ್ಲಿ ಮಾಸ್ಟರ ಕೈಯಿಂದ ಮೊದಲು ಲೋಟ ಜಾರಿತು, ಆಮೇಲೆ ಕತ್ತರಿ ಜಾರಿತು. ಮೆಷಿನ್ನಿನ ಪೆಡಲಿನ ಮೇಲೆ ಕಾಲು ನಿಲ್ಲದೆ ಹೊಲಿಗೆಯೇ ನಿಂತಿತು. ಶೌಚಕ್ಕೆ ಓಡುವ ಅವಸರವೂ ಶುರುವಾಯಿತು.

ಅದನ್ನು ಕೇಳಿದ ನರ್ಸು ಮನೆಗೇ ಬಂದರು. ಈ ಸಲ ಅವರಿಗೂ ಸಹನೆ ಉಳಿದಿರಲಿಲ್ಲ.

"ಮಾಸ್ಟ್ರೇ, ಎರಡನೇ ಡಾಕ್ಟರ ಅಭಿಪ್ರಾಯ ಕೇಳೋದು ತಪ್ಪಲ್ಲ. ಕೇಳಲೇಬೇಕು. ಆದರೆ ನೀವು ಅಭಿಪ್ರಾಯ ಕೇಳ್ತಾ ಇಲ್ಲ, ಅಳತೆ ಕೊಟ್ಟು ಆರ್ಡರ್ ಹಾಕ್ತಾ ಇದ್ದೀರಿ. ಸಣ್ಣ ಗಾಯದ್ದು, ತೆರೆದದ್ದು, ಎರಡೂ ಆಪರೇಷನ್ ಮಾಡೋ ಡಾಕ್ಟರಮ್ಮ ಒಬ್ಬರಿದ್ದಾರೆ. ನಾಳೆ ಬೆಳಿಗ್ಗೆ ಅವರ ಹತ್ತಿರ ಹೋಗಿ. ಸ್ಕ್ಯಾನ್ ಮೊದಲು ತೋರಿಸಿ, ಬಾಯಿ ಆಮೇಲೆ ತೆಗೀರಿ."

ಸಣ್ಣ ಗಾಯದ ಆಪರೇಷನ್ನೂ ಮಾಡುತ್ತಾರೆ ಅಂತ ಕೇಳಿದ್ದೇ ತಡ, ಮಾಸ್ಟರು ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೊರಟು ನಿಂತರು. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲೊಬ್ಬ ಬಸ್ ಕಂಡಕ್ಟರ್ ಕೂತಿದ್ದ. ಆತನಿಗೂ ಕತ್ತಿನಲ್ಲೇ ಹುರಿ ಒತ್ತಿಹೋಗಿತ್ತಂತೆ. ಇದೇ ಡಾಕ್ಟರಮ್ಮ ಸಣ್ಣ ಗಾಯದಲ್ಲೇ ಸರಿಮಾಡಿದ್ದರಂತೆ. ಮಾಸ್ಟರ ಮುಖ ಅರಳಿತು. ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದರು. ಆಕೆ ಗೋಡೆ ನೋಡಿದಳು.

ಡಾಕ್ಟರಮ್ಮ ಸ್ಕ್ಯಾನನ್ನು ಬೆಳಕಿಗಿಟ್ಟು ಬಹಳ ಹೊತ್ತು ನೋಡಿದರು. ಮಾಸ್ಟರ ಕೈ ಹಿಡಿದು ನೋಡಿದರು, ನಡೆಸಿ ನೋಡಿದರು. ಆಮೇಲೆ, "ನಿಮಗೆ ತೆರೆದ ಆಪರೇಷನ್ನೇ ಸರಿ," ಅಂದರು.

"ಮತ್ತೆ ಆ ಕಂಡಕ್ಟರಿಗೆ?"

"ಅವರಿಗೆ ಒಂದೇ ಕಡೆ ಒತ್ತಿತ್ತು. ಮೂಳೆಗಳು ಅಲ್ಲಾಡದೆ ಗಟ್ಟಿಯಾಗಿದ್ದವು. ಸಣ್ಣ ಕೊಳವೆ ಇಳಿಸಿ, ಸ್ನಾಯುಗಳನ್ನು ಕತ್ತರಿಸದೆ ಪಕ್ಕಕ್ಕೆ ಸರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡ್ತಾ ಕೆಲಸ ಮುಗಿಸಿದೆ. ರಕ್ತ ಹೋಗೋದು ಕಡಿಮೆ, ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು. ಒಳ್ಳೇದೇ ಅದು. ಆದರೆ ಆ ಕೊಳವೆಯಲ್ಲಿ ಕಾಣೋ ಜಾಗವೂ ಕಡಿಮೆ. ನಿಮಗೆ ಮೂರು ಕಡೆ, ಮುಂದಿನಿಂದಲೂ ಹಿಂದಿನಿಂದಲೂ ಒತ್ತಿದೆ. ಅಷ್ಟುದ್ದ ಹುರಿಗೆ ಜಾಗ ಮಾಡಿಕೊಡಬೇಕು ಅಂದರೆ ಅಷ್ಟುದ್ದ ಕಣ್ಣಿಗೆ ಕಾಣಬೇಕು. ತೆರೆದರೆ ನೋವು ಹೆಚ್ಚು, ಆಸ್ಪತ್ರೆಯಲ್ಲಿ ಕೆಲವು ದಿನ ಹೆಚ್ಚು ಇರಬೇಕು. ಅದು ನಿಜ."

"ಇವಳ ಅಣ್ಣನಿಗೆ ಸೊಂಟದಲ್ಲಿ ಮುಕ್ಕಾಲು ಇಂಚಲ್ಲೇ..."

"ಅವರದ್ದು ಸೊಂಟ. ಬೆನ್ನುಹುರಿ ಅಲ್ಲಿವರೆಗೂ ಬರೋದೇ ಇಲ್ಲ, ಅಲ್ಲಿರೋದು ನರಗಳು. ಅವರ ಕಾಯಿಲೆಯೇ ಬೇರೆ."

ಇಷ್ಟಾದ ಮೇಲೂ ಮಾಸ್ಟರ ಕೈ ಜೇಬಿಗೆ ಹೋಯಿತು. ಟೇಪು ಹೊರಬಂತು. "ಒಂದೆರಡು ಇಂಚಲ್ಲಿ ಹೊಂದಿಸೋಕೆ ಆಗಲ್ವಾ ಡಾಕ್ಟರೇ?"

ಹೆಂಡತಿ ಆ ಟೇಪನ್ನು ಕಿತ್ತುಕೊಂಡಳು. ಡಾಕ್ಟರ ಕೋಣೆ, ನಾಲ್ಕು ಜನರ ಎದುರು ಅನ್ನುವುದೆಲ್ಲ ಆಕೆಗೆ ಮರೆತುಹೋಗಿತ್ತು.

"ರೀ, ಹೋದ ವರ್ಷ ಒಬ್ಬ ಮೇಷ್ಟ್ರು ಕೋಟು ತಂದಿದ್ರು. ನೆನಪಿದೆಯಾ? ಅದರ ಒಳಪದರದ ಬಟ್ಟೆ ಭುಜದಿಂದ ಕೆಳಗಿನವರೆಗೂ ಮುದ್ದೆಯಾಗಿತ್ತು. ಪಕ್ಕದಲ್ಲಿ ಎರಡು ಬೆರಳು ಜಾಗ ಬಿಚ್ಚಿ ಸರಿಮಾಡಿ ಅಂದ್ರು. ನೀವೇನಂದ್ರಿ?"

ಮಾಸ್ಟರು ಟೇಪು ವಾಪಸ್ ತೆಗೆದುಕೊಳ್ಳಲು ಕೈ ಚಾಚಿದರು. ಆಕೆ ಕೊಡಲಿಲ್ಲ.

"ನಾನೇ ಹೇಳ್ತೀನಿ. 'ಒಂದು ಕಡೆ ಮುದುಡಿದ್ರೆ ಎರಡು ಬೆರಳು ಬಿಚ್ಚಿ ಸರಿಮಾಡ್ತೀನಿ, ಯಾರಿಗೂ ಗೊತ್ತಾಗದ ಹಾಗೆ. ಉದ್ದಕ್ಕೂ ಮುದುಡಿದೆ ಅಂದ್ರೆ ಹೊಲಿಗೆ ಉದ್ದಕ್ಕೂ ಬಿಚ್ಚಲೇಬೇಕು. ಕಾಣದೆ ಕೈಹಾಕಿ ನಿಮ್ಮ ಕೋಟು ಹಾಳುಮಾಡೋ ಟೈಲರ್ ನಾನಲ್ಲ, ಬೇಕಾದ್ರೆ ಬೇರೆ ಅಂಗಡಿಗೆ ಹೋಗಿ' ಅಂತ ಆ ಮೇಷ್ಟ್ರನ್ನ ಬೈದು ಕಳಿಸಿದ್ರಿ. ಆ ಕೋಟಿಗೆ ಇರೋ ಬೆಲೆ ನಿಮ್ಮ ಕತ್ತಿಗಿಲ್ವೇನ್ರೀ? ಕೈ ಹೋದ್ಮೇಲೆ ಈ ಟೇಪು ಹಿಡ್ಕೊಂಡು ಏನು ಅಳೀತೀರಿ?"

ಹಿಂದೆ ಉಳಿದಿದ್ದ ಅಳು ಈಗ ಬಂತು. ಡಾಕ್ಟರಮ್ಮ ನೀರಿನ ಲೋಟ ಸರಿಸಿದರು. ಮಾಸ್ಟರು ಮುಷ್ಟಿ ಹಿಡಿದು ಬಿಚ್ಚಲು ನೋಡಿದರು, ಬೆರಳು ಬಿಚ್ಚಿಕೊಳ್ಳಲಿಲ್ಲ. ಕೊನೆಗೆ, ಕಾಯಿಲೆ ಶುರುವಾದಾಗಿನಿಂದ ಮೊದಲ ಸಲ, ಕೇಳಬೇಕಾದ ಪ್ರಶ್ನೆ ಕೇಳಿದರು.

"ಕೈ ವಾಪಸ್ ಬರುತ್ತಾ ತಾಯಿ?"

"ಸುಳ್ಳು ಹೇಳಲ್ಲ," ಅಂದರು ಡಾಕ್ಟರಮ್ಮ. "ಆಪರೇಷನ್ನಿನ ಮೊದಲ ಉದ್ದೇಶ ಇನ್ನೂ ಹಾಳಾಗೋದನ್ನ ನಿಲ್ಲಿಸೋದು. ಸಣ್ಣ ಗಾಯವೋ ದೊಡ್ಡದೋ, ಎರಡರ ಗುರಿಯೂ ಹುರಿಯ ಮೇಲಿನ ಒತ್ತಡ ತೆಗೆಯೋದೇ. ತುಂಬಾ ಜನಕ್ಕೆ ಸ್ವಲ್ಪ ಶಕ್ತಿ ವಾಪಸ್ ಬರುತ್ತೆ. ಎಷ್ಟು ಅಂತ ಯಾರೂ ಮಾತು ಕೊಡೋಕಾಗಲ್ಲ. ಹುರಿ ಎಷ್ಟು ಕಾಲ ಒತ್ತಿಹೋಗಿತ್ತು ಅನ್ನೋದರ ಮೇಲೂ ನಿಂತಿರುತ್ತೆ. ಸೋಂಕು, ರಕ್ತಸ್ರಾವ, ನರಕ್ಕೆ ಪೆಟ್ಟು, ಹುರಿಯ ಸುತ್ತಲಿನ ನೀರು ಸೋರೋದು, ಈ ಅಪಾಯಗಳು ಎರಡು ವಿಧಾನದಲ್ಲೂ ಇವೆ. ಇನ್ನು ತಡ ಮಾಡೋದಿದೆಯಲ್ಲ, ನಿಮ್ಮ ವಿಷಯದಲ್ಲಿ ಅದೇ ದೊಡ್ಡ ಅಪಾಯ."

ಆ ವಾರವೇ ಆಪರೇಷನ್ ಆಯಿತು. ಸುಲಭವಾಗೇನೂ ಇರಲಿಲ್ಲ. ಮೊದಲ ಒಂದು ವಾರ ಮಾಸ್ಟರು ನೋವಿಗೆ ನರಳಿದರು. ಕತ್ತಿಗೆ ಪಟ್ಟಿ ಕಟ್ಟಿಕೊಂಡು ತಿರುಗಲಾರದೆ ಎಲ್ಲರ ಮೇಲೂ ರೇಗಿದರು. ವ್ಯಾಯಾಮ ಹೇಳಿಕೊಡುವವರು ಕೊಟ್ಟ ಹಿಟ್ಟಿನಂಥ ಮೆತ್ತನೆಯ ಮುದ್ದೆಯನ್ನು ದಿನಾ ಹಿಚುಕುತ್ತಾ, "ಇದೇನು ಮಕ್ಕಳಾಟ" ಅಂತ ಗೊಣಗಿದರು. ಹೆಂಡತಿ ಬಿಡಲಿಲ್ಲ. ಎರಡು ತಿಂಗಳಿಗೆ ಗೋಡೆ ಹಿಡಿಯದೆ ನಡೆದರು. ಶೌಚದ ಅವಸರ ನಿಂತಿತು.

ಮೂರನೇ ತಿಂಗಳು ಒಂದು ಮಧ್ಯಾಹ್ನ ಅವರು ಬೀರಿನಿಂದ ಆ ಆರು ಅಂಗಿ ತೆಗೆದು ಮೇಜಿನ ಮೇಲೆ ಹಾಕಿದರು. ದೊಡ್ಡ ಗುಂಡಿಯ ನೀಲಿ ಅಂಗಿ ಆರಿಸಿ, ಹೊಲಿದ ಪಟ್ಟಿಯನ್ನು ಬ್ಲೇಡಿನ ಮೊನೆಯಿಂದ ಬಿಚ್ಚುತ್ತಾ ಕೂತರು. ಹೆಂಡತಿ ಸಹಾಯಕ್ಕೆ ಬಂದರೆ, "ಸುಮ್ನೆ ಕೂತ್ಕೋ" ಅಂದರು. ಅಂಗಿ ತೊಟ್ಟು ಗುಂಡಿ ಹಾಕಿಕೊಳ್ಳಲು ಕಾಲು ಗಂಟೆ ಹಿಡಿಯಿತು. ಒಂದು ಗುಂಡಿ ತಪ್ಪು ಕಾಜಾಕ್ಕೆ ಹೋಗಿತ್ತು. ಆಕೆ ನೋಡಿಯೂ ಸರಿಪಡಿಸಲಿಲ್ಲ.

ಬೆರಳು ಪಳಗಿದ ಹಾಗೆ ಒಂದೊಂದೇ ಅಂಗಿ ಬಿಚ್ಚಿಕೊಂಡಿತು. ವರ್ಷ ತುಂಬುವಾಗ ಐದು ಅಂಗಿ ತೆರೆದಿದ್ದವು. ಈಗ ಮಾಸ್ಟರು ಮೆಷಿನ್ನಿಗೆ ಕೂರುತ್ತಾರೆ, ನೇರ ಹೊಲಿಗೆ ಹಾಕುತ್ತಾರೆ. ಆದರೆ ಸೂಜಿಗೆ ದಾರ ಈಗಲೂ ಹೆಂಡತಿಯೇ ಪೋಣಿಸಬೇಕು. ಆರನೆಯ ಬಿಳಿ ಅಂಗಿಯ ಸಣ್ಣ ಗುಂಡಿಗಳಿಗೆ ಅವರ ಬೆರಳು ಇನ್ನೂ ಒಗ್ಗಿಲ್ಲ. ಒಗ್ಗುವ ಸೂಚನೆಯೂ ಇಲ್ಲ.

ಆ ಅಂಗಿ ಅಂಗಡಿಯ ಗೋಡೆಯ ಮೊಳೆಗೆ ನೇತುಬಿದ್ದಿದೆ. ಕೈ ಜೋಮು, ಕಾಲು ಎಡವುತ್ತೆ ಅಂತ ಯಾರಾದರೂ ಅಂದರೆ ಮಾಸ್ಟರು ಅದನ್ನು ಇಳಿಸಿ ತೋರಿಸುತ್ತಾರೆ. "ಇದು ನನ್ನ ಐದು ವಾರ ನೋಡಿ," ಅನ್ನುತ್ತಾರೆ. "ಮೊದಲು ಮುಚ್ಚಿಟ್ಟೆ. ಗೊತ್ತಾದ ಮೇಲೂ ಸಣ್ಣ ಗಾಯ ಹುಡುಕ್ತಾ ತಿರುಗಿದೆ. ಆ ಐದು ವಾರ ತಿರುಗದೆ ಇದ್ದಿದ್ರೆ ಇದನ್ನೂ ಹಾಕ್ಕೊಳ್ತಿದ್ದೆನೋ ಏನೋ." ಎದುರಿನ ಸಲೂನಿನಲ್ಲಿ ಆಕೆಯ ಅಣ್ಣ ಒಂದು ಬೋರ್ಡು ಹಾಕಿದ್ದಾನೆ. "ಇಲ್ಲಿ ಕತ್ತಿನ ನೆಟಿಕೆ ತೆಗೆಯುವುದಿಲ್ಲ. ಕೇಳಬೇಡಿ." ಅಂಗಿ ಎತ್ತಿ ಗಾಯ ತೋರಿಸುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ.

ಈ ಕಥೆ ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಗುಂಡಿ ಹಾಕಲಾಗದೆ ಸುಮ್ಮನಿರಬಹುದು. ಕೈಯಿಂದ ಸಾಮಾನು ಜಾರುವುದು, ಅಕ್ಷರ ಕೆಡುವುದು, ನಡಿಗೆ ವಾಲುವುದು, ಕತ್ತು ಬಗ್ಗಿಸಿದರೆ ಕರೆಂಟು ಹೊಡೆದಂತಾಗುವುದು ಕಂಡರೆ ನೋವು ಬರಲಿ ಅಂತ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಕಾಲು ಇದ್ದಕ್ಕಿದ್ದಂತೆ ಸೋತರೆ, ಮಲಮೂತ್ರದ ಹಿಡಿತ ತಪ್ಪಿದರೆ ಆ ದಿನವೇ ಆಸ್ಪತ್ರೆಗೆ ಓಡಿ. ಕತ್ತನ್ನು ಯಾರ ಕೈಗೂ ಎಳೆಯಲು ಕೊಡಬೇಡಿ. ಆಪರೇಷನ್ ಬೇಕು ಅಂದರೆ ಧೈರ್ಯವಾಗಿ ಕೇಳಿ: ಎಷ್ಟು ಕಡೆ ಒತ್ತಿದೆ, ಮೂಳೆ ಗಟ್ಟಿಯಾಗಿದೆಯಾ, ನನಗೆ ಯಾವ ವಿಧಾನ ಸರಿ, ಯಾಕೆ ಸರಿ, ಅದನ್ನು ನೀವು ಎಷ್ಟು ಜನಕ್ಕೆ ಮಾಡಿದ್ದೀರಿ, ಎಷ್ಟು ದಿನ ತಡೆಯಬಹುದು? ಇನ್ನೊಬ್ಬ ಡಾಕ್ಟರನ್ನೂ ಕೇಳಿ, ಆದರೆ ಬೇಗ ಕೇಳಿ. ಗಾಯ ಎಷ್ಟು ಇಂಚು ಅನ್ನುವ ಪ್ರಶ್ನೆ ಕೊನೆಯಲ್ಲಿರಲಿ.

ಈಗ ಈ ಹಾಳೆ ಕೆಳಗಿಡಿ. ಮನೆಯ ಹಿರಿಯರನ್ನು ಕರೆದು ಎದುರಿಗೆ ಕೂರಿಸಿ. ಕೈ ಮುಂದೆ ಚಾಚಿ, ಆದಷ್ಟು ಬೇಗ ಬೇಗ ಮುಷ್ಟಿ ಹಿಡಿದು ಬಿಡಲು ಹೇಳಿ. ಹತ್ತು ಸೆಕೆಂಡಿಗೆ ಇಪ್ಪತ್ತು ಸಲವಾದರೂ ಆಗಬೇಕು. ನೀವು ಎಣಿಸಿ.